ಅಕ್ಕನ ಫ್ರೀ ನಂಬರು

ಜನವರಿ 6, ಸೋಮವಾರ. ಬೆಳಿಗ್ಗೆ 11

ಎರಡು ಹೊಲಿಗೆ ಮಷಿನ್ ರಿಪೇರಿಗೆ ಬಂದಿವೆ. ಒಂದಕ್ಕೆ ಬೆಲ್ಟ್ ಹೋಗಿದೆ. ಇನ್ನೊಂದಕ್ಕೆ ರೋಗವೇ ಇಲ್ಲ, ಟೈಲರಮ್ಮ ಸೂಜಿಯನ್ನು ತಿರುವುಮುರುವು ಹಾಕಿದ್ದಾಳೆ. ಅರೆ ನಿಮಿಷದ ಕೆಲಸ. ಸಂಜೆ ಬನ್ನಿ ಎಂದೆ. ಕೇಳಿದ ಕೂಡಲೇ ಮಾಡಿಕೊಟ್ಟರೆ ವಿದ್ಯೆಗೆ ಮರ್ಯಾದೆ ಇರುವುದಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಬಿಜಿ. ಹತ್ತಕ್ಕೂ ಬಿಜಿ, ಹತ್ತೂವರೆಗೂ ಬಿಜಿ, ಈಗಲೂ ಬಿಜಿ. ಯಾರೆಂದು ಶಾಸ್ತ್ರ ಕೇಳಬೇಕಾಗಿಲ್ಲ. ಕಂಡಕ್ಟರ್. ನನ್ನ ಸ್ವಂತ ತಮ್ಮ. ಬಸ್ಸಿನಿಂದ ರಿಟೈರಾಗಿ ಆರು ವರ್ಷವಾಯಿತು, ಬಾಯಿ ಇನ್ನೂ ಡ್ಯೂಟಿಯಲ್ಲೇ ಇದೆ. ಮೂವರಲ್ಲಿ ಕೊನೆಯವನು. ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದಳಂತೆ. ಹಾಗಾದರೆ ನಾನೇನು ನಡೆದುಕೊಂಡೇ ಹುಟ್ಟಿದೆನೆ?

ಅದೇ ದಿನ, ಮಧ್ಯಾಹ್ನ

ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಅಮ್ಮನಿಗೆ ತಿಂಗಳ ಪ್ಲ್ಯಾನ್ ದಂಡ. ಅವಳು ತಾನಾಗಿ ಮಾಡೋದೇ ನಾಲ್ಕು ಕಾಲ್. ಮಾತಾಡಿದಷ್ಟಕ್ಕೆ ಮಾತ್ರ ದುಡ್ಡು ಹೋಗೋ ಹಾಗೆ ಏನಾದ್ರೂ ನೋಡ್ತೀರಾ?"

ಕೇಳಿದ್ದು ನನ್ನನ್ನು. ಕಂಡಕ್ಟರನ್ನಲ್ಲ. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಾದರೇನು, ತಲೆ ತಲೆಯೇ.

ಜನವರಿ 8, ಬುಧವಾರ

ಮೊಬೈಲ್ ಅಂಗಡಿಯಲ್ಲಿ ಒಂದೂವರೆ ತಾಸು ಕೂತೆ. ಕೌಂಟರಿನ ಹುಡುಗಿ ಮೂರು ಪ್ಲ್ಯಾನ್ ಹೇಳಿದಳು. ಒಂದರಲ್ಲಿ ದಿನಕ್ಕೆ ಎರಡು ಜಿಬಿ. ಎಪ್ಪತ್ತೊಂಬತ್ತರ ಹೆಂಗಸಿಗೆ ಜಿಬಿ ಯಾಕೆ? ಎರಡನೆಯದಕ್ಕೆ ಇಪ್ಪತ್ತೆಂಟು ದಿನ ಆಯಸ್ಸು. ಇವರ ತಿಂಗಳು ಇವರದೇ! ಮೂರನೆಯದು ಸರಿಯಾಗಿತ್ತು. ಮಾತಾಡಿದಷ್ಟಕ್ಕೆ ನಿಮಿಷದ ಲೆಕ್ಕ, ವ್ಯಾಲಿಡಿಟಿ ಇಡೀ ವರ್ಷ, ಬರುವ ಕಾಲಿಗೆ ಏನೂ ಇಲ್ಲ. ಮೇಲೆ ಒಂದೇ ಒಂದು ನಂಬರಿಗೆ ಎಷ್ಟು ಮಾತಾಡಿದರೂ ಫ್ರೀ.

"ಯಾವ ನಂಬರ್ ಹಾಕ್ಲಿ ಅಂಕಲ್? ಅವರು ಜಾಸ್ತಿ ಮಾತಾಡೋರದ್ದು ಹೇಳಿ."

ನನ್ನದು ಹೇಳಿದೆ. ಜಾಸ್ತಿ ಮಾತಾಡುವವರದು ಎಂದಳು, ನಿಜ. ಇನ್ನು ಮುಂದೆ ಜಾಸ್ತಿ ಮಾತಾಡುತ್ತಾಳೆ.

ಜನವರಿ 9, ಗುರುವಾರ

ಅಕ್ಕನ ಮನೆ. ಹೊಸ ಪ್ಲ್ಯಾನ್ ಶುರುವಾಯಿತೆಂದು ಮೆಸೇಜು ಬಂತು. ನಂಬರ್ ಅದೇ ಹಳೆಯದು. "ನಂಗೆ ಮಾಡಿದ್ರೆ ನಿಂಗೆ ಒಂದು ಪೈಸೆ ಇಲ್ಲ" ಎಂದು ಹೇಳುತ್ತಿದ್ದೆ, ಅಷ್ಟರಲ್ಲಿ ರಿಂಗಾಯಿತು. ಕಂಡಕ್ಟರ್. ಅಕ್ಕ ನನ್ನ ಕೈಯಿಂದ ಕಿತ್ತುಕೊಂಡಳು. ಆ ಮುಖ! ಸ್ವಿಚ್ ಹಾಕಿದಂತೆ ಬೆಳಗಿತು. ಇಪ್ಪತ್ತೆರಡು ನಿಮಿಷ. ನಾನು ತಂದ ಚಹಾಪುಡಿಯಲ್ಲಿ ನಾನೇ ಚಹಾ ಮಾಡಿ, ನಾನೇ ಕುಡಿದು, ಲೋಟ ತೊಳೆದಿಟ್ಟೆ. ಇನ್ನೂ ನಗುತ್ತಿದ್ದಳು.

ಮುಗಿದ ಮೇಲೆ "ಕೊಡು, ಸೆಟ್ಟಿಂಗ್ ಬಾಕಿ ಇದೆ" ಎಂದೆ. ಕೊಟ್ಟಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಮೂರು ಸಲ ಒತ್ತಿದೆ. ಬ್ಲಾಕ್. ಇನ್ನು ಆ ಮಹಾನುಭಾವ ಯಾವಾಗ ಮಾಡಿದರೂ ಬಿಜಿ. ರುಚಿ ನೋಡಲಿ.

ಜನವರಿ 12, ಭಾನುವಾರ

ಅಕ್ಕನೇ ಫೋನ್ ಮಾಡಿದಳು! ತಾನಾಗಿ! ಮೂವತ್ನಾಲ್ಕು ನಿಮಿಷ. ಆದರೆ ವಿಷಯ… ಕಂಡಕ್ಟರ್ ಮೂರು ದಿನದಿಂದ ಯಾಕೆ ಮಾಡಿಲ್ಲ, ಕಂಡಕ್ಟರಿಗೆ ಮೈ ಹುಷಾರಿದೆಯೋ ಇಲ್ಲವೋ, ಕಂಡಕ್ಟರ್ ಸಣ್ಣವನಿದ್ದಾಗ ಹೇಗೆ ಓಡುತ್ತಿದ್ದ. ನನ್ನ ಮಂಡಿನೋವಿನ ಬಗ್ಗೆ ಕೇಳಲಿಲ್ಲ.

ಜನವರಿ 15

ಮತ್ತೆ ಮಾಡಿದಳು. "ಲೋ, ನಾನೇನಾದ್ರೂ ಅಂದ್ನಾ ಅವನಿಗೆ?"

"ಅವನು ಅಷ್ಟೇ ಬಿಡಕ್ಕ. ಬೇಕಾದಾಗ ಬೆಲ್ಲ, ಬೇಡವಾದಾಗ ಬೇವು."

ಅದಕ್ಕೆ ಅವಳು, "ನಾನೇ ಮಾಡ್ಲಾ ಅಂತ ಯೋಚ್ನೆ ಮಾಡ್ದೆ. ಬೇಡ. ಹಿರಿಯಳು ನಾನು. ಅವನಿಗೆ ಬೇಡವಾದ ಮೇಲೆ ನಾನ್ಯಾಕೆ ಗೋಗರೆಯಲಿ?"

ಅರ್ಧ ಕೆಲಸ ಅವಳೇ ಮಾಡುತ್ತಿದ್ದಾಳೆ. ಗೆದ್ದೆ ಎನ್ನಬೇಕು. ಅನ್ನುತ್ತಿದ್ದೇನೆ.

ಜನವರಿ 23, ಗುರುವಾರ

ಐದು ದಿನದಿಂದ ನನಗೂ ಫೋನಿಲ್ಲ. ಹೋಗಿ ನೋಡಿದೆ. ಕಿಟಕಿಯ ಪಕ್ಕ ಕುರ್ಚಿ, ಮಡಿಲಲ್ಲಿ ಫೋನು. "ನಂಗೆ ಮಾಡೋದು ಫ್ರೀ ಅಲ್ವೇನೆ" ಎಂದೆ. "ನಿನ್ನ ಜತೆ ಮಾತಾಡ್ತಿರುವಾಗ ಅವನು ಮಾಡಿ, ಬಿಜಿ ಬಂದ್ರೆ?" ಎಂದಳು. ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುತ್ತಾಳೆ. ಸೊರಗಿದ್ದಾಳೆ.

ಆಗಲೇ ತೆಗೆದುಬಿಡಬಹುದಿತ್ತು. ಕೈಗೆ ಫೋನೂ ಸಿಕ್ಕಿತ್ತು. ತೆಗೆಯಲಿಲ್ಲ. ನಾನು ಹದಿನೈದು ದಿನ ಫೋನ್ ಮಾಡದಿದ್ದರೆ ಇವಳು ಟವೆಲ್ ಸುತ್ತುತ್ತಿದ್ದಳೆ?

ಜನವರಿ 27, ಸೋಮವಾರ. ಮಧ್ಯಾಹ್ನ 12

ಕಂಡಕ್ಟರ್ ಅಂಗಡಿಗೆ ಬಂದ. ಸ್ಟೂಲ್ ಎಳೆದು ಕೂತ. ಗಂಟಲು ಕಟ್ಟಿದೆ.

"ಏನಪ್ಪಾ ಅಣ್ಣ, ಅಕ್ಕನ ಫೋನು ಯಾವಾಗ್ಲೂ ಬಿಜಿ. ಇಡೀ ದಿನ ನಿನ್ನ ಜತೇಲೇ ಮಾತಿರ್ಬೇಕು. ನಿನ್ನ ನಂಬರಿಗೆ ಫ್ರೀ ಅಂತಲ್ಲ, ಅಕ್ಕನ ಮಗಳು ಹೇಳಿದ್ಳು."

ಹೊಟ್ಟೆಕಿಚ್ಚು! ಅವನಿಗೆ, ನನ್ನ ಮೇಲೆ! ಜನ್ಮದಲ್ಲಿ ಮೊದಲ ಸಲ. ಬಹಳ ಸುಖವಾಯಿತು. "ಏನ್ಮಾಡೋದು, ಅವಳಿಗೆ ನಾನಂದ್ರೆ ಅಷ್ಟು" ಎಂದೆ, ಮಷಿನ್ನಿಗೆ ಎಣ್ಣೆ ಬಿಡುತ್ತಾ.

"ಕೋಪ ಇದೆಯಾ ನನ್ನ ಮೇಲೆ? ಇದ್ರೆ ಹೇಳು. ಎದುರಿಗೆ ಹೋಗೋ ಧೈರ್ಯ ಇಲ್ಲ. ಗುರುವಾರ ಆಪರೇಷನ್ ಕಣಣ್ಣ. ಗಂಟಲೊಳಗೆ ಗಂಟು. ಧ್ವನಿ ಉಳಿಯತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ಅಷ್ಟರೊಳಗೆ ಒಂದ್ಸಲ ಅವಳ ಜತೆ ಮಾತಾಡ್ಬೇಕಿತ್ತು."

ಎಣ್ಣೆ ಮೇಜಿನ ಮೇಲೆಲ್ಲ ಹರಿದಿತ್ತು.

ಅದೇ ದಿನ, ಸಂಜೆ

ಅಂಗಡಿ ಮುಚ್ಚಿ ಅಕ್ಕನಲ್ಲಿಗೆ ಹೋದೆ. ಸೆಟ್ಟಿಂಗ್ ಎಂದೆ. ಮೂರು ಸಲ ಒತ್ತಿದೆ. ಅವನ ನಂಬರ್ ಹಚ್ಚಿ ಅವಳ ಕೈಗೆ ಕೊಟ್ಟು ಮೆಟ್ಟಿಲಿಗೆ ಬಂದು ಕೂತೆ. ಬ್ಯಾಲೆನ್ಸ್ ಮುಗಿದು ಕಟ್ಟಾಯಿತು. ಆ ಕಡೆಯಿಂದ ಅವನೇ ಮಾಡಿದ. ಒಂದು ತಾಸು. ಮೊದಲು ಅತ್ತಳು, ಆಮೇಲೆ ಅವನನ್ನೂ, ಬಿಜಿ ತೋರಿಸಿದ ಫೋನ್ ಕಂಪನಿಯನ್ನೂ ಬೈದಳು, ಆಮೇಲೆ ನಕ್ಕಳು. ಆ ನಗು ಕೇಳಿ ಈಗಲೂ ಹೊಟ್ಟೆಕಿಚ್ಚಾಯಿತು. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ.

ಹೊರಗೆ ಬಂದು ನನ್ನ ತಲೆ ಸವರಿದಳು. "ನೀನು ಇಲ್ದಿದ್ರೆ ಅವನು ಒಬ್ನೇ ಹೋಗಿ ಮಲಗಿಬಿಡ್ತಿದ್ದ. ನಮ್ಮಲ್ಲಿ ನೀನೇ ದೊಡ್ಡ ಮನಸ್ಸಿನೋನು."

ಅರವತ್ತೇಳು ವರ್ಷ ಈ ಮಾತಿಗೆ ಕಾದಿದ್ದೆ.

ಜನವರಿ 30, ಗುರುವಾರ. ಬೆಳಿಗ್ಗೆ 8.40

ಆಸ್ಪತ್ರೆಯ ಕಾರಿಡಾರ್. ಜತೆಗೆ ನಾನೇ ಇರಬೇಕೆಂದು ಅಕ್ಕನ ಅಪ್ಪಣೆ. ಒಂಬತ್ತಕ್ಕೆ ಒಳಗೆ ಕರೆದೊಯ್ಯುತ್ತಾರೆ. ನರ್ಸಿನ ಹತ್ತಿರ ಬಸ್ಸಿನ ಕಥೆ ಹೇಳುತ್ತಿದ್ದಾನೆ, ಅವಳು ಮಾತಾಡಬೇಡಿ ಎನ್ನುತ್ತಿದ್ದಾಳೆ.

ನಿನ್ನೆಯೇ ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನಲ್ಲಿ, ಗೇಟಿನಲ್ಲಿ. ಪ್ರತಿ ಸಲ ಬಾಯಿ ತೆರೆದೆ, ಪ್ರತಿ ಸಲ ಹವಾಮಾನದ ಮಾತೇ ಬಂತು. ಈಗ ಹೇಳಬೇಕು. ಅವನು ಬೈಯಬೇಕಾದರೆ ಧ್ವನಿ ಇರುವಾಗಲೇ ಬೈಯಬೇಕು. ಆ ಹಕ್ಕನ್ನೂ ಕಿತ್ತುಕೊಂಡರೆ ನಾನು ಮನುಷ್ಯನೇ ಅಲ್ಲ.

ಮೊದಲು ಇಲ್ಲಿ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ನೋಡೋ, ಅಕ್ಕನಿಗೆ ಕೋಪವಿರಲಿಲ್ಲ. ಅವಳ ಫೋನಿನಲ್ಲಿ ನಿನ್ನ ನಂಬರನ್ನು ನಾನೇ

ಸ್ಟ್ರೆಚರ್ ಬಂತು. ಕರೆಯುತ್ತಿದ್ದಾನೆ. ಒಡೆದ ಗಂಟಲಾದರೂ ಎಂಥ ಕೂಗು, ಇಡೀ ವಾರ್ಡಿಗೆ ಕೇಳುವಂತೆ, ಅಣ್ಣಾ ಎಂದು—