ಪುಸ್ತಕದಲ್ಲಿ ಇಲ್ಲದ ಮಾತು

ಹಿಂದಿನ ಕೋಣೆ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಂಗಿ ಮೆಣಸಿನಕಾಯಿಗೆ,

ಹೇಗಿದ್ದೀಯೆ? ಮೊಣಕಾಲು ನೋವು ಕಡಿಮೆಯಾಯಿತೆ? ಹೋದ ತಿಂಗಳು ನಿನ್ನನ್ನು ನೋಡಿಕೊಂಡು ಬಂದ ನಮ್ಮ ಬಣ್ಣದ ತಾತ, ನೀನು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತೀಯೆ ಎಂದರು. ಮೂವತ್ತು ವರ್ಷ ನಮ್ಮೆಲ್ಲರ ಮುಖಕ್ಕೆ ಬಣ್ಣ ಬಳಿದ ಮನುಷ್ಯ, ಬರೀ ಮೊಣಕಾಲು ನೋಡಿಕೊಂಡು ಬಂದಿರಲಾರರು. ಶಾಲೆಯ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೀಯಂತೆ, ಮಕ್ಕಳು ನಿನ್ನನ್ನು ಕಂಡರೆ ನಡುಗುತ್ತಾರಂತೆ. ನಡುಗದೆ ಏನು ಮಾಡ್ಯಾರು, ಐದು ವರ್ಷದವಳಿದ್ದಾಗಲೇ ನಮ್ಮ ನಾಟಕ ಕಂಪನಿಯ ಮ್ಯಾನೇಜರನ್ನು ಅಳಿಸಿ ಅಪ್ಪನ ಬಾಯಲ್ಲಿ ಮೆಣಸಿನಕಾಯಿ ಎಂಬ ಹೆಸರು ಪಡೆದವಳು ನೀನು. ನನ್ನದು ಹೇಳಬೇಕೆಂದರೆ, ಕನ್ನಡಕ ದಪ್ಪವಾಗಿದೆ, ಹೊಟ್ಟೆಯೂ ಅದರ ಜೊತೆ ಪೈಪೋಟಿಗೆ ಬಿದ್ದಿದೆ. ನಿನ್ನ ಅತ್ತಿಗೆ ಆರೋಗ್ಯವಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಶಕ್ತಿ ಇದೆ. ನಾನೀಗ ಒಂದು ಛಾಪಖಾನೆಯಲ್ಲಿ ಪ್ರೂಫ್ ನೋಡುತ್ತೇನೆ. ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ, ನೋಡು.

ಆರು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಾಲ್ಕು ಸಲ ಹರಿದು ಹಾಕಿದೆ. ಇಪ್ಪತ್ತೆರಡು ವರ್ಷ ರಂಗದ ಪಕ್ಕದಲ್ಲಿ ಕೂತು ನಟರಿಗೆಲ್ಲ ಮರೆತ ಮಾತು ಹೇಳಿಕೊಟ್ಟವನಿಗೆ ತನ್ನ ಮಾತು ಬಾಯಿಗೆ ಬರುವುದಿಲ್ಲ. ಅತ್ತಿಗೆ ಈಗ ತಾನೇ ಇಣುಕಿ ನೋಡಿ, ಇನ್ನೂ ಮೊಣಕಾಲಿನಲ್ಲೇ ಇದ್ದೀರಾ ಎಂದು ಹೋದಳು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ, ಗಡ್ಡ ತೆಗೆಸಿಕೊಳ್ಳುವುದಕ್ಕೆ ಮಾತ್ರ ಜಗಳ. ರಾಜನಿಗೆ ಗಡ್ಡ ಬೇಕಂತೆ. ಆದರೆ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಏನೋ ಶುರು ಮಾಡಿ, ತಟ್ಟನೆ ನಿಲ್ಲಿಸಿ, ಬಲಗಡೆಗೆ ಕಿವಿ ಕೊಟ್ಟು ಕಾಯುತ್ತಾರೆ. ಮೊದಮೊದಲು ನಮಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ರಂಗದ ಬಲಗಡೆ ಸೈಡ್ ವಿಂಗಿನಲ್ಲಲ್ಲವೇ ನನ್ನ ಸ್ಟೂಲು ಇರುತ್ತಿದ್ದದ್ದು? ನೆನಪಿನಿಂದ ಏನೇನೋ ಹೋಗಿದೆ, ಪ್ರಾಂಪ್ಟರ್ ಕಡೆ ಕಿವಿ ಕೊಡುವ ಅಭ್ಯಾಸ ಹೋಗಿಲ್ಲ. ಹಾಗಾಗಿ ಮಂಚದ ಬಲಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. 'ನೀರು' ಎಂದು ಮೆಲ್ಲಗೆ ಅಂದರೆ, 'ನೀರು ಕೊಡಪ್ಪಾ' ಎಂದು ಪೂರ್ತಿ ಮಾಡುತ್ತಾರೆ. ತಪ್ಪು ಮಾತು ಕೊಟ್ಟರೆ ಹಿಂದಿನಂತೆಯೇ ಹುಬ್ಬು ಗಂಟಿಕ್ಕುತ್ತಾರೆ. ನಾನು ಕೆಲಸಕ್ಕೆ ಹೋದಾಗ ಅತ್ತಿಗೆ ಕೂರುತ್ತಾಳೆ, ಆದರೆ ಅವಳು ಪ್ರಾಂಪ್ಟ್ ಮಾಡುವುದಿಲ್ಲ, ಇಡೀ ಡೈಲಾಗನ್ನು ತಾನೇ ಹೇಳಿ ಮುಗಿಸುತ್ತಾಳೆ. ಅಪ್ಪನಿಗೆ ಅದು ಸರಿ ಹೋಗುವುದಿಲ್ಲ.

ಆ ರಾಜನ ನಾಟಕದ ಬಗ್ಗೆ ನಿನಗೆ ಹೇಳಬೇಕಾದ್ದೇನೂ ಇಲ್ಲ. ಆದರೂ ಮೊದಲಿನಿಂದ ಬರೆಯುತ್ತೇನೆ, ಬರೆಯುತ್ತಾ ಹೋದರೆ ಧೈರ್ಯ ಬರುತ್ತದೇನೋ. ರಾಜ ತನ್ನ ತಮ್ಮನ ಚಾಡಿ ಮಾತು ನಂಬಿ ಒಬ್ಬಳೇ ಮಗಳನ್ನು ಸೆರೆಗೆ ಹಾಕುತ್ತಾನೆ. ನಿಜ ತಿಳಿದು ಅವಳನ್ನು ಬಿಡಿಸುವ ಹೊತ್ತಿಗೆ ಅವನಿಗೆ ಬುದ್ಧಿ ಕೆಟ್ಟಿರುತ್ತದೆ, ಎದುರಿಗೆ ನಿಂತ ಮಗಳ ಗುರುತು ಹತ್ತುವುದಿಲ್ಲ. ಮೂರನೇ ಅಂಕದ ಆ ಹುಚ್ಚಿನ ದೃಶ್ಯ ನೋಡುವುದಕ್ಕೇ ಜನ ಬರುತ್ತಿದ್ದರು. ರಾಜ ಅಪ್ಪ, ಮಗಳು ನೀನು. ಅಪ್ಪ ಒಬ್ಬರೇ ಕಾಲು ಗಂಟೆ ಮಾತಾಡುವುದು, ನೀನು ಸುಮ್ಮನೆ ನಿಲ್ಲುವುದು. ಕಂಪನಿಯ ಪದ್ಧತಿಯಂತೆ ಪ್ರತಿ ನಟನಿಗೂ ಅವರವರ ಪಾತ್ರದ ಮಾತುಗಳ ಹಾಳೆ ಮಾತ್ರ. ಇಡೀ ನಾಟಕ ಇದ್ದದ್ದು ನನ್ನ ತೊಡೆಯ ಮೇಲಿನ ಪುಸ್ತಕದಲ್ಲಿ. ಅಪ್ಪನ ಹಾಳೆ ಎಂದೋ ಹರಿದುಹೋಗಿತ್ತು, ಅವರಿಗೆ ಎಲ್ಲವೂ ಬಾಯಿಪಾಠ.

ನೀನು ಕಂಪನಿ ಬಿಟ್ಟ ವರ್ಷ ಒಂದು ಸಂಜೆ ಅಪ್ಪ ಆ ದೃಶ್ಯದಲ್ಲಿ ಪುಸ್ತಕ ಬಿಟ್ಟು ಹೊರಗೆ ಹೋದರು. ನಾನು ಎರಡು ಸಲ ಮಾತು ಕೊಟ್ಟೆ, ಕೇಳಿಸಿಕೊಳ್ಳಲಿಲ್ಲ. ನಿನ್ನ ಕಡೆ ತಿರುಗಿ, 'ಲೇ ಇವಳೇ, ಹಾಲು ಉಕ್ಕಿತೇನೇ? ಮಕ್ಕಳು ಉಂಡವಾ?' ಎಂದರು. ಅಮ್ಮನನ್ನು ಕರೆಯುತ್ತಿದ್ದ ರೀತಿ. ಅಮ್ಮ ಹೋಗಿ ಆಗಲೇ ಒಂಬತ್ತು ವರ್ಷ. ನಿನ್ನ ಮುಖ ಬಣ್ಣದ ಕೆಳಗೂ ಬಿಳಿಚಿಕೊಂಡದ್ದು ನಾನು ನೋಡಿದೆ. ಆಮೇಲೆ ಅಪ್ಪ ಯಾವುದೋ ಕಿಟಕಿ ಮುಚ್ಚಲು ಹೋದರು, ಅಲ್ಲಿ ಕಿಟಕಿಯೇ ಇರಲಿಲ್ಲ. ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೀಸೆ ಮಾಮ, ಅದೇ ರಾಜನ ತಮ್ಮನ ಪಾತ್ರದವರು, ಓಡಿ ಬಂದು ನನ್ನ ಬೆನ್ನು ತಟ್ಟಿ, 'ಈ ಹೊಸ ಮಾತು ಬರೆದದ್ದು ನೀನೇನೋ? ಕಳ್ಳ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?' ಎಂದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸುಮ್ಮನೆ ನಕ್ಕೆ. ನಿನಗೆ ಗೊತ್ತಲ್ಲ, ಹದಿನೆಂಟು ವರ್ಷದಿಂದ ನಾನು ಬರೆದ ನಾಟಕಗಳನ್ನೆಲ್ಲ ಅಪ್ಪ ಎರಡು ಪುಟ ಓದಿ ದಿಂಬಿನ ಕೆಳಗಿಡುತ್ತಿದ್ದರು. ಮೊದಲ ಸಲ ಒಬ್ಬರು ನನ್ನನ್ನು ಬರಹಗಾರ ಎಂದರು. ತಲೆ ತಿರುಗಿಬಿಟ್ಟಿತು. ಮನೆಗೆ ಬಂದು ಅಪ್ಪನ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಮುಂದಿನ ಆಟದಲ್ಲಿ ಅವರು ತಡವರಿಸಿದಾಗ ಅದನ್ನೇ ಹೇಳಿಕೊಟ್ಟೆ. ಕಾಯಿಲೆಯ ಮಾತನ್ನು ಕಾಯಿಲೆಯವರಿಗೇ ಪ್ರಾಂಪ್ಟ್ ಮಾಡಿದೆ. ದಿನಕ್ಕೊಂದು ಹೊಸ ಮಾತು ಬರುತ್ತಿತ್ತು, ದಿನವೂ ಬರೆದುಕೊಳ್ಳುತ್ತಿದ್ದೆ. ಆ ಹೊಸ ಮಾತು ಬರೆದವನೆಂದು ಪತ್ರಿಕೆಯಲ್ಲಿ ನನ್ನ ಬಗ್ಗೆ ಎರಡು ಸಾಲು ಬಂತು. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇದಕ್ಕಿಂತ ದೊಡ್ಡ ಮೂರ್ಖತನ ನಮ್ಮ ಯಾವ ನಾಟಕದಲ್ಲೂ ಇರಲಿಲ್ಲ.

ನೀನೊಬ್ಬಳೇ ಬಾಯಿಬಿಟ್ಟವಳು. ರಿಹರ್ಸಲ್ಲಿನಲ್ಲಿ ಎಲ್ಲರೆದುರಿಗೆ, 'ಅಪ್ಪ ಆ್ಯಕ್ಟ್ ಮಾಡ್ತಿಲ್ಲ, ಅಪ್ಪಂಗೆ ಹುಷಾರಿಲ್ಲ. ಆಟ ನಿಲ್ಸಿ, ಡಾಕ್ಟರ್ ಹತ್ರ ಹೋಗೋಣ' ಎಂದೆ. ಮೀಸೆ ಮಾಮ ನಕ್ಕು, ಅಪ್ಪನಿಗೆ ಚಪ್ಪಾಳೆ ಬಿದ್ದರೆ ಮಗಳಿಗೆ ಹೊಟ್ಟೆ ಉರಿ ಎಂದರು. ನೀನು ನನ್ನ ಕಡೆ ನೋಡಿದೆ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಮಾರನೆಯ ದಿನ ಅಪ್ಪ ನಿನ್ನನ್ನು ಕರೆಸಿ, ತಂದೆಗೆ ಹುಚ್ಚು ಎನ್ನುವ ಮಗಳು ನನ್ನ ಕಂಪನಿಯಲ್ಲಿ ಬೇಡ ಎಂದರು. ನೀನು ಟ್ರಂಕು ಎತ್ತಿಕೊಂಡು ಹೋದೆ.

ಆಮೇಲೆ ಇನ್ನೂ ಒಂದೂವರೆ ವರ್ಷ ಆಟ ನಡೆಯಿತು. ನಿನ್ನ ಪಾತ್ರಕ್ಕೆ ಬಂದವಳು ಚೆನ್ನಾಗಿಯೇ ಮಾಡುತ್ತಿದ್ದಳು. ಅಪ್ಪ ಮಾತ್ರ ಪ್ರತಿ ಸಲವೂ ಅವಳ ಮುಖ ನೋಡಿ, ಇವಳು ಯಾರು ಎಂದು ನನ್ನ ಕಡೆ ತಿರುಗುತ್ತಿದ್ದರು. ಪಾತ್ರಕ್ಕೆ ಅದೂ ಹೊಂದಿಕೊಂಡಿತು. ಕೊನೆಗೊಂದು ದಿನ ಮೊದಲನೇ ಅಂಕದಲ್ಲಿ, ರಾಜ ಇನ್ನೂ ನೆಟ್ಟಗಿರಬೇಕಾದ ಕಡೆಯೇ, ಹುಚ್ಚಿನ ಮಾತೆಲ್ಲ ಆಡಿ ಕಿರೀಟ ತೆಗೆದು ಮುಂದಿನ ಸಾಲಿನ ಹೆಂಗಸಿನ ಮಡಿಲಿಗೆ ಇಟ್ಟು, ಇದನ್ನು ತೊಳೆದುಕೊಡು ಎಂದರು. ಜನ ನಕ್ಕರು. ಆಮೇಲೆ ನಗು ನಿಂತಿತು. ಪರದೆಯನ್ನು ನಾನೇ ಎಳೆದೆ. ಮೊದಲೇ ತೋರಿಸಿದ್ದರೆ ನಿಧಾನ ಮಾಡಬಹುದಿತ್ತು ಎಂದರು ಡಾಕ್ಟರು. ಎಷ್ಟು ಮೊದಲು ಎಂದು ನಾನು ಕೇಳಲಿಲ್ಲ.

ಈಗ ವಿಷಯ ಇಷ್ಟು. ನಮ್ಮ ಹೆಸರುಗಳು ಅಪ್ಪನಿಂದ ಒಂದೊಂದಾಗಿ ಕಳಚಿಕೊಳ್ಳುತ್ತಿವೆ. ನಾನು ಯಾರೆಂದು ಗೊತ್ತಿಲ್ಲ, ಬಲಗಡೆಯವನು ಎಂದಷ್ಟೇ ಗೊತ್ತು. ಮೆಣಸಿನಕಾಯಿ ಎಲ್ಲಿ ಎಂದು ಮಾತ್ರ ಇನ್ನೂ ವಾರಕ್ಕೊಂದೆರಡು ಸಲ ಕೇಳುತ್ತಾರೆ. ಅಡುಗೆಗೆ ಕೇಳುತ್ತಿದ್ದಾರೆ ಎಂದುಕೊಂಡು ಅತ್ತಿಗೆ ಒಮ್ಮೆ ಡಬ್ಬಿ ತಂದು ತೋರಿಸಿದಳು, ಅಪ್ಪ ಡಬ್ಬಿಯನ್ನು ತಳ್ಳಿ ಬಾಗಿಲು ನೋಡಿದರು. ಈ ಕೇಳುವಿಕೆಯೂ ಹೆಚ್ಚು ತಿಂಗಳು ಉಳಿಯಲಾರದು ಎನ್ನುತ್ತಾರೆ ಡಾಕ್ಟರು. ಬಣ್ಣದ ತಾತನ ಕೈಯಲ್ಲಿ ನೀನು ಹೇಳಿಕಳಿಸಿದ್ದು ನನಗೆ ಮುಟ್ಟಿದೆ. ಅಪ್ಪನೇ ಹೊರಗೆ ಹಾಕಿದ್ದು, ಅಪ್ಪನೇ ಬಾಯಿಬಿಟ್ಟು ಕರೆದರೆ ಬರುತ್ತೇನೆ ಎಂದಿದ್ದೀಯೆ. ನ್ಯಾಯವೇ. ಆದರೆ ಅವರ ಬಾಯಲ್ಲಿ ಅಷ್ಟು ಉದ್ದದ ಮಾತು ಇನ್ನು ಬರುವುದಿಲ್ಲ, ನಾನು ಎಷ್ಟು ಹೇಳಿಕೊಟ್ಟರೂ.

ದೊಡ್ಡವನಾಗಿ ನಿನ್ನನ್ನು ಹರಸಬೇಕು, ಯಾವ ಮುಖ ಇಟ್ಟುಕೊಂಡು ಹರಸಲಿ. ಮೊಣಕಾಲಿಗೆ ಬಿಸಿ ಶಾಖ ಕೊಡು. ಅತ್ತಿಗೆ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಣ್ಣ

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಟಪಾಲು ತೆಗೆಯುವ ಹೊತ್ತಾಗುತ್ತಿದೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಅಪ್ಪ ನಿನ್ನ ಮಾತು ನಂಬಲಿಲ್ಲ ಎಂದುಕೊಂಡಿದ್ದೀಯೆ. ನಂಬಿದ್ದರು. ಮಾರನೆಯ ಬೆಳಿಗ್ಗೆ ನಿನ್ನನ್ನು ಕರೆಸುವ ಮೊದಲು ನನ್ನ ಹತ್ತಿರ ಬಂದರು. ನಾನು ಡ್ರೆಸ್ ರೂಮಿನಲ್ಲಿ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಬಾಗಿಲು ಮುಚ್ಚಿ, 'ಆ ಮಾತೆಲ್ಲ ನೀನು ಬರೆದುಕೊಟ್ಟದ್ದಾ, ನಿಜ ಹೇಳು. ನಂಗೆ ಕಲಿತ ನೆನಪಿಲ್ಲ ಕಣೋ. ಹುಡುಗಿ ಹೇಳೋದು ಸರಿಯಿದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗ್ತೀನಿ' ಎಂದರು. ನಾನು ಸೂಜಿಯಿಂದ ಕಣ್ಣೆತ್ತದೆ, 'ನಾನೇ ಬರೆದದ್ದು ಅಪ್ಪಾ, ನೀವೇ ಕೂತು ಬಾಯಿಪಾಠ ಮಾಡಿದ್ರಿ' ಎಂದೆ. ಅವರಿಗೆ ಎಷ್ಟು ನಿರಾಳವಾಯಿತೆಂದರೆ, ನನ್ನ ತಲೆ ಸವರಿ, ಚೆನ್ನಾಗಿ ಬರೀತೀಯ ಎಂದರು. ಆಮೇಲೆ ನಿನ್ನನ್ನು ಕರೆಸಿದರು. ನಿನ್ನನ್ನು ಹೊರಗೆ ಹಾಕಿದ್ದು ಅಪ್ಪನಲ್ಲ. ನನ್ನ ಜೊತೆ ಮಾತಾಡಬೇಡ, ನನ್ನ ಮುಖ ನೋಡಬೇಡ, ನೀನು ಬರುವ ದಿನ ನಾನು ಮನೆಯಲ್ಲಿ ಇರುವುದಿಲ್ಲ. ಅವರ ಹತ್ತಿರ ಬಾ.