ನೀಲಿ ಗಡಿಗೆಗೆ ಬಿದ್ದ ಪುಡಿ

ಯಂಕಪ್ಪಣ್ಣಾ,

ಪುದುಚೇರಿಯಿಂದ ನಮಸ್ಕಾರ ಬರೆಯುವ ಮನಸ್ಸಿಲ್ಲ. ನೀನು ಫೋನ್ ಎತ್ತುತ್ತಿಲ್ಲ. ಬೆಟಗೇರಿಯ ನಮ್ಮ ಓಣಿಯೆಲ್ಲ ಓದಲಿ ಎಂದೇ ಕಾರ್ಡು ಹಾಕುತ್ತಿದ್ದೇನೆ.

ಇಲ್ಲಿಯ ಲ್ಯಾಬಿನಲ್ಲಿ, ಬಣ್ಣಗಾರರು ತಂದ ಹುದುಗು ಬಂದ ನೀಲಿ ನೀರಿಗೆ ತಂತಿ ಇಳಿಬಿಡುತ್ತಾರೆ. ಅದರೊಳಗಿನ ಸೂಕ್ಷ್ಮಜೀವಿಗಳೇ ಕರೆಂಟು ಕೊಡುತ್ತವೆ! ಬಂಗಾಳದವರ ನೀರಿನಿಂದ ಸಾಸಿವೆಯಷ್ಟು ದೀಪವೊಂದು ನಿನ್ನೆಯಿಂದ ಉರಿಯುತ್ತಲೇ ಇದೆ. ನಮ್ಮದು ಮಿಣಕ್ ಎಂದು ಆರಿಹೋಯಿತು. ನೀಲಿಯನ್ನು ಬೇಗ ಕರಗಿಸಲು ಹಾಕುವ ಹೈಡ್ರೋಸ್ ಪುಡಿ ಬಿದ್ದು ಜೀವಿಗಳೆಲ್ಲ ಸತ್ತಿವೆ ಎಂದರು ಲ್ಯಾಬಿನ ಮೇಡಮ್. ಎಲ್ಲರ ಮುಂದೆ ತಲೆ ತಗ್ಗಿಸಿದೆ.

ಇಲ್ಲಿಗೆ ತರಲು ನಮ್ಮ ನೀಲಿ ಗಡಿಗೆಯಿಂದ ಕ್ಯಾನ್ ತುಂಬುವಾಗ ನೀನು, "ಸುಮ್ನಿರ್ ತಂಗಿ, ನಾಕ್ ಮಂದಿ ಮುಂದ ನಮ್ಮ ಬಣ್ಣ ಗಟ್ಟಿ ಕಾಣಬೇಕಲ್ಲ" ಎಂದು ನಕ್ಕದ್ದು ಇದಕ್ಕೇನಾ? ಅಜ್ಜಿ ಕೊಟ್ಟ ಗಡಿಗೆ ಅದು. ಅವ್ವ ಬೆಲ್ಲ ಉಣಿಸಿ ಇಷ್ಟು ವರ್ಷ ಜೀವಂತ ಇಟ್ಟಿದ್ದಾಳೆ. ಪುಡಿಯನ್ನು ಕ್ಯಾನಿಗಷ್ಟೇ ಹಾಕಿದೆಯೋ, ಗಡಿಗೆಗೇ ಸುರಿದೆಯೋ?

ಇಲ್ಲಿಯ ಊಟಕ್ಕೆ ನನ್ನ ಹೊಟ್ಟೆ ಕೆಟ್ಟಿದೆ, ಅದಿರಲಿ. ಈಗಲೇ ಗಡಿಗೆಯ ಮುಚ್ಚಳ ತೆಗೆದು ಮೂಸಿ ನೋಡು. ಎಂದಿನ ಗಬ್ಬು ನಾತ ಬಂದರೆ ಬದುಕಿದೆ. ಮತ್ತೆ ಅದರ ಹತ್ತಿರ ಸುಳಿಯಬೇಡ. ನಾತ ಬರದಿದ್ದರೆ ಗಡಿಗೆ ಸತ್ತಂತೆ; ಈ ಕಾರ್ಡು ಓದಿದವರು ಯಾರಾದರೂ ಹೇಳುವ ಮೊದಲು ಅವ್ವನಿಗೆ ನೀನೇ ಹೇಳು.

ಸುಮಿತ್ರಾ