ಭಾವ ಹೇಳಿಕೊಟ್ಟ ಎಸೆತ

ಮಾರ್ಚ್ ೯, ಶನಿವಾರ

ನಾಳೆ ಡಿಸ್ಕ್ ಗಾಲ್ಫ್ ಪಂದ್ಯ, ಅಂದರೆ ತಟ್ಟೆಯಂಥ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಆಟ; ಎದುರಾಳಿ ಭಾವ. "ಎತ್ತರಕ್ಕೆ ಹೋಗ್ಬೇಕಾ? ಡಿಸ್ಕಿನ ಮುಂದಿನ ಅಂಚು ಮೇಲೆತ್ತಿ ಎಸಿ" ಎಂದು ಹೇಳಿಕೊಟ್ಟವರೂ ಅವರೇ. ಹಾಗೆ ಎಸೆದಾಗಲೆಲ್ಲ ಅದು ಮೇಲೇರಿ, ತಡವರಿಸಿ, ಅಲ್ಲೇ ಕುಕ್ಕರಿಸುತ್ತದೆ.

ಇವತ್ತು ಮರದ ಮರೆಯಲ್ಲಿ ನಿಂತು ನೋಡಿದೆ. ತೋಳನ್ನು ಮೇಲ್ಮುಖವಾಗಿ ಬೀಸಿದರೂ ಭಾವ ಅಂಚನ್ನು ಮಾತ್ರ ಕೆಳಕ್ಕೆ ಒತ್ತಿ ಹಿಡಿದಿದ್ದರು. ಡಿಸ್ಕ್ ಬೇಲಿ ದಾಟಿತು. ಕಳ್ಳ ಭಾವ!

"ನಿಂಗೆ ಎಲ್ಲರ ಮೇಲೂ ಡೌಟು" ಎಂದು ಅಕ್ಕ ನಕ್ಕಳು.

ಊಟವಾದ ಮೇಲೆ ಭಾವನೇ ಪಕ್ಕದಲ್ಲಿ ಬಂದು ಕೂತರು. "ಅವತ್ತು ತಪ್ಪು ಹೇಳ್ಬಿಟ್ಟೆ ಕಣೋ. ಅಂಚು ಕೆಳಗಿರ್ಲಿ. ನಂಗೂ ಈಗ್ಲೇ ಗೊತ್ತಾಗಿದ್ದು."

ಹಾಗಾದರೆ ಮರದ ಹಿಂದೆ ನಾನಿದ್ದದ್ದು ಅವರಿಗೆ ಗೊತ್ತಿತ್ತೇ? ಡಿಸ್ಕ್ ಅಷ್ಟು ದೂರ ಹೋದದ್ದೂ ನನ್ನನ್ನು ನಂಬಿಸಲಿಕ್ಕೇ ಇರಬೇಕು. ನಾಳೆ ಅಂಚು ಮೇಲೆತ್ತಿಯೇ...